ತಿಕೋಟಾದ ಬಗಲೊಳಗಿನ ಗಂಟು

ಮನುಷ್ಯನ ಮೂತ್ರವು ಆ ಮನುಷ್ಯನದೇ ಸೊತ್ತು ಎಂಬುದನ್ನು ೧೯೭೬ನೆಯ ಇಸವಿಯವರೆಗೆ ವಿಜಾಪುರ ಜಿಲ್ಲೆಯಲ್ಲಿ ಯಾರೂ ಲಿಖಿತವಾಗಿ ಪ್ರಶ್ನಿಸಿರಲಿಲ್ಲ.

ಆ ವರ್ಷ ಸೊಲ್ಲಾಪುರ ರಸ್ತೆಯಲ್ಲಿ, ಲಾರಿ ಟಾಯರಿಗೆ ಪಂಕ್ಚರ್ ಹಾಕುವ ಅಂಗಡಿಯ ಹಿಂದಿನ ಎರಡು ಖೋಲಿಗಳಲ್ಲಿ ಡಾಕ್ಟರ್ ಸೈಫುದ್ದೀನರ ಔಷಧ ಸಂಶೋಧನಾಲಯ ನಡೆದಿತ್ತು. ಸರ್ಕಾರ ಅವರಿಗೆ ಪಗಾರ, ಒಂದು ಫ್ರಿಜ್ಜು ಮತ್ತು ಒಬ್ಬ ಮೇಲಧಿಕಾರಿಯನ್ನು ಕೊಟ್ಟಿತ್ತು. ಫ್ರಿಜ್ಜು ಕೆಟ್ಟಿತ್ತು. ಮೇಲಧಿಕಾರಿ ಈರಯ್ಯನವರು ಸುಸ್ಥಿತಿಯಲ್ಲಿದ್ದರು.

ಸೈಫುದ್ದೀನರ ವಿಷಯ ಪಾಲಿಅಮೀನ್. ಜೀವಕೋಶ ಬೆಳೆಯಬೇಕಾದರೆ ಈ ಪದಾರ್ಥ ಬೇಕೇ ಬೇಕು. ಕ್ಯಾನ್ಸರಿನ ಗಂಟು ಅಂಕೆಯಿಲ್ಲದೆ ಬೆಳೆಯುವುದರಿಂದ ಅಲ್ಲಿ ಇದರ ಉತ್ಪತ್ತಿಯೂ ಜಾಸ್ತಿ. ಮಿಕ್ಕಿದ್ದು ಮೂತ್ರದಲ್ಲಿ ಇಳಿದು ಬರುತ್ತದೆ. ಅದನ್ನು ಅಳೆದರೆ ಒಳಗಿನ ಗಂಟಿನ ಸುದ್ದಿ ಹೊರಗೇ ಸಿಗುತ್ತದೆ. ಗಂಟಿಗೆ ಪಾಲಿಅಮೀನ್ ಸರಬರಾಜು ನಿಲ್ಲಿಸುವ ಔಷಧ ಮಾಡಬೇಕೆಂಬುದು ಅವರ ದೊಡ್ಡ ಆಸೆ. ಜೀವಕೋಶದ ಹಣೆಬರಹವೆನ್ನಬಹುದಾದ ಜೀನುಗಳನ್ನು ಅಳಿಸದೆ, ಅದರೊಳಗಿನ ಕೆಟ್ಟ ಸಾಲುಗಳನ್ನಷ್ಟೇ ಕೋಶ ಓದದಂತೆ ಮುಚ್ಚಿಬಿಡಬೇಕೆಂಬುದು ಅದಕ್ಕಿಂತ ದೊಡ್ಡ ಆಸೆ. ಹಣೆಬರಹದ ದುರಸ್ತಿ ಕಂದಾಯ ಇಲಾಖೆಗೆ ಸಂಬಂಧಿಸಿದ್ದು, ನಮಗಲ್ಲ ಎಂದು ಈರಯ್ಯನವರು ಇದರ ಮೇಲೆ ಷರಾ ಬರೆದಿದ್ದರು.

ಸಣ್ಣ ಆಸೆ ಒಂದಿತ್ತು. ತಿಕೋಟಾದಲ್ಲಿ ಬಳೆ ಮಾರುವ ಮಾಶಾಬಿ ಅವರ ಖಾಲಾ, ಅಂದರೆ ತಾಯಿಯ ತಂಗಿ; ತಾಯಿ ಸತ್ತ ಮೇಲೆ ಸಾಕಿದವಳು. ಅವಳ ಬಗಲಲ್ಲಿ, ಅಂದರೆ ಕಂಕುಳಲ್ಲಿ, ಕ್ಯಾನ್ಸರಿನ ಗಂಟು ಎದ್ದು, ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಚಿಕಿತ್ಸೆ ನಡೆದಿತ್ತು. ಪ್ರತಿ ಭಾನುವಾರ ಅವಳದು ಒಂದೇ ಮಾತು.

“ಸೈಫೂ, ಗಂಟು ಕರಗಾಕತ್ತೈತೋ ಬೆಳ್ಯಾಕತ್ತೈತೋ, ಅಷ್ಟ ಹೇಳಪಾ. ಹೊಸಾ ಬಳಿ ಮಾಲು ತರಿಸ್ಬೇಕೋ ಬ್ಯಾಡೋ ನೋಡ್ಬೇಕು.”

ಇದಕ್ಕೆ ಉತ್ತರ ಕೊಡಲು ಅವಳ ಮೂತ್ರ ಬೇಕು, ಹೋಲಿಸಲು ಗಟ್ಟಿಮುಟ್ಟಾದ ಕೆಲವರ ಮೂತ್ರವೂ ಬೇಕು. ಒಬ್ಬರದು ಒಂದು ಹಗಲು ಒಂದು ರಾತ್ರಿಯದು, ಒಂದೇ ಬಾಟಲಿಯಲ್ಲಿ. ಸೈಫುದ್ದೀನರು ಹತ್ತು ಮಂದಿ ಬೇಕೆಂದು ಅರ್ಜಿ ಬರೆದರು. ಹತ್ತು ಮಂದಿಗಾಗಿ ಜೀಪು ಹೊರಡಿಸಲು ನಿಯಮವಿಲ್ಲ, ಜಿಲ್ಲೆಗಾದರೆ ಇದೆ ಎಂದು ಈರಯ್ಯನವರು ಅದನ್ನು ಅಭಿಯಾನ ಮಾಡಿ ಡಂಗುರ ಸಾರಿಸಿದರು:

“ಆರೋಗ್ಯವಂತ ನಾಗರಿಕರು ತಮ್ಮ ಒಂದು ಅಹೋರಾತ್ರಿಯ ಮೂತ್ರವನ್ನು ಸ್ವಇಚ್ಛೆಯಿಂದ ರಾಷ್ಟ್ರಕ್ಕೆ ಒಪ್ಪಿಸತಕ್ಕದ್ದು. ಸ್ವಇಚ್ಛೆ ಇಲ್ಲದವರು ಕಾರಣ ತಿಳಿಸತಕ್ಕದ್ದು.”

ಸರ್ಕಾರದ ಜೀಪು ಕಂಡರೆ ಗಂಡಸರು ಜೋಳದ ಹೊಲ ಸೇರುತ್ತಿದ್ದ ಕಾಲ ಅದು. ಮಕ್ಕಳಾಗದ ಆಪರೇಶನ್ನಿಗೆ ಹಿಡಿದೊಯ್ಯುತ್ತಾರೆಂಬ ಸುದ್ದಿ ಹಬ್ಬಿತ್ತು. ಜೀಪು ಕಾಖಂಡಕಿಗೆ ಹೋದಾಗ ಊರು ಖಾಲಿಯಾಯಿತು. ಊರ ಹಿರಿಯ ಗೊಲ್ಲಾಳಪ್ಪನೊಬ್ಬನೇ, ಮೊಳಕಾಲು ನೋವಿನಿಂದ ಓಡಲಾಗದೆ, ಕಟ್ಟೆಯ ಮೇಲೆ ಉಳಿದಿದ್ದ. ಈರಯ್ಯನವರು ಬೇಕಾದದ್ದನ್ನು ತಿಳಿಸಿದರು.

“ಕೊಯ್ಯೂದೇನಿಲ್ಲಲ್ರಿ?” ಎಂದ ಗೊಲ್ಲಾಳಪ್ಪ.

“ಇಲ್ಲ.”

“ಬರೇ ಉಚ್ಚಿ?”

“ಅಷ್ಟ.”

“ಹಂಗಿದ್ರ ಮೊದ್ಲ ಹೇಳೂದಲ್ರಿ ಸಾಹೇಬ್ರ. ಮಂದಿ ಸುಮ್ನ ಓಡಿ ಬೆವರಿನಾಗ ಕಳಕೊಂಡ್ರು.”

ಕಾಖಂಡಕಿಯಲ್ಲಿ ಊರ ಪರವಾಗಿ ಏನು ಕೊಡಬೇಕಾದರೂ ಪಟ್ಟಿ ಎತ್ತುವುದು ಪದ್ಧತಿ. ಅಂದರೆ ಮನೆಗೆ ಇಷ್ಟು ಎಂದು ಎಲ್ಲರಿಂದಲೂ ಸಮನಾಗಿ ಕೂಡಿಸುವುದು. ಬಾವಿಯ ಹೂಳು ತೆಗೆಸಿದ್ದು, ಭಜನಿ ಮೇಳಕ್ಕೆ ಹಾರ್ಮೋನಿಯಂ ತಂದದ್ದು ಎಲ್ಲ ಹೀಗೆಯೇ. ಒಂದು ಮನೆ ಬಿಟ್ಟರೆ ಆ ಮನೆಗೆ ಅವಮಾನ. ಒಬ್ಬನೇ ಎಲ್ಲ ಕೊಟ್ಟರೆ ಊರಿಗೇ ಅವಮಾನ. ಗೊಲ್ಲಾಳಪ್ಪ ಜೋಳ ಅಳೆಯುವ ಸೇರು ಹಿಡಿದು ಮನೆಮನೆಗೂ ಹೋಗಿ ಹಾಲಿನ ಕ್ಯಾನಿನಲ್ಲಿ ಪಟ್ಟಿ ಕೂಡಿಸಿದ. ತನ್ನದನ್ನು ಕಮ್ಮಿ ಅಳೆದನೆಂದು ರುದ್ರವ್ವ ಜಗಳ ತೆಗೆದದ್ದರಿಂದ ಅವಳದನ್ನು ಎಲ್ಲರೆದುರು ಮತ್ತೊಮ್ಮೆ ಅಳೆಯಲಾಯಿತು.

ಕ್ಯಾನು ಬಸ್ಸಿನಲ್ಲಿ ವಿಜಾಪುರಕ್ಕೆ ಬಂತು. ಆ ಬಸ್ಸಿನಲ್ಲಿ ನಾನೂ ಇದ್ದೆ. ಆಗ ನನಗೆ ಎಲ್ಲಿಯೂ ಹೋಗಬೇಕಾದ ಕೆಲಸ ಇರದಿದ್ದರಿಂದ ಎಲ್ಲ ಬಸ್ಸಿನಲ್ಲೂ ಇರುತ್ತಿದ್ದೆ. ಗೊಲ್ಲಾಳಪ್ಪ ಕ್ಯಾನನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂಡಿಸಿ, ತಾನು ನಿಂತು ಬಂದ.

ಇದು ಯಾರದು ಎಂದು ಸೈಫುದ್ದೀನರು ಕೇಳಿದರು. ಊರದು ಎಂದ ಗೊಲ್ಲಾಳಪ್ಪ.

“ನನಗ ಒಬ್ಬೊಬ್ಬರದ ಬ್ಯಾರೆ ಬ್ಯಾರೆ ಬೇಕಿತ್ತಲ್ರಿ, ಯಜಮಾನ್ರ.”

“ಹಂಗ ಬ್ಯಾರೆ ಇಡಾಕ ನಮ್ಮೂರಾಗ ಯಾರೂ ಪಾಲಾಗಿಲ್ಲರಿ.”

ಕ್ಯಾನನ್ನು ಹಿಂದಿರುಗಿಸುವ ಹಾಗಿರಲಿಲ್ಲ. ಈರಯ್ಯನವರು ಆಗಲೇ ರಸೀದಿ ಕೊಟ್ಟಿದ್ದರು. ರಸೀದಿ ತಪ್ಪಲ್ಲದ ಮೇಲೆ ವಿಜ್ಞಾನವೇ ಸ್ವಲ್ಪ ಸರಿಯಬೇಕಾಗಿ ಬಂದು, ಸಂಜೆಯೊಳಗೆ ಸುತ್ತೋಲೆ ಹೊರಟಿತು:

“ಈ ಅಭಿಯಾನದ ಮಟ್ಟಿಗೆ ಒಂದು ಗ್ರಾಮವನ್ನು ಒಬ್ಬ ವ್ಯಕ್ತಿಯೆಂದು ತಿಳಿಯತಕ್ಕದ್ದು. ಒಬ್ಬ ವ್ಯಕ್ತಿಯನ್ನು ಒಬ್ಬ ವ್ಯಕ್ತಿಯೆಂದು ತಿಳಿಯುವ ಮುನ್ನ ಕಚೇರಿಯ ಪೂರ್ವಾನುಮತಿ ಪಡೆಯತಕ್ಕದ್ದು.”

ಹೋಲಿಸಲು ತಮ್ಮದನ್ನೇ ಬಳಸುತ್ತೇನೆಂದು ಸೈಫುದ್ದೀನರು ಬೇಡಿಕೊಂಡರು. ಕೆಲಸದ ವೇಳೆಯಲ್ಲಿ ಬಂದದ್ದು ಕಚೇರಿಯದು, ಖಾಸಗಿ ಉಪಯೋಗಕ್ಕೆ ಕೊಡಲಾಗದು ಎಂದರು ಈರಯ್ಯನವರು. ರಜೆ ಹಾಕುತ್ತೇನೆಂದರೆ, ರಜೆಯ ಮೇಲಿದ್ದವರು ಪ್ರಯೋಗಶಾಲೆಗೆ ಏನನ್ನೂ ತರುವ ಹಾಗಿಲ್ಲ ಎಂದು ನಿಯಮ ತೋರಿಸಿದರು.

ಮುಂದಿನ ಸರದಿ ತಿಕೋಟಾದ್ದು. ಸೈಫುದ್ದೀನರು ಅದರ ಹಿಂದಿನ ಭಾನುವಾರವೇ ಓಡಿಹೋಗಿ ಮಾಶಾಬಿಯ ಮುಂದೆ ಬಾಟಲಿ ಇಟ್ಟರು. ಖಾಲಾ, ನಿನ್ನದನ್ನು ಪಟ್ಟಿಗೆ ಕೊಡಬೇಡ, ಇದರಲ್ಲಿ ತೆಗೆದಿಡು, ನಿನ್ನ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ ಎಂದು ಕೈ ಹಿಡಿದು ಕೇಳಿಕೊಂಡರು.

“ಹುಚ್ಚದಿಯೇನೋ ಬೇಟಾ,” ಎಂದಳು ಮಾಶಾಬಿ. “ಈ ಊರಾಗ ಎಲ್ಲಾ ಪಟ್ಟಿಗೂ ಕೊಟ್ಟಾಕಿ ನಾ. ಇದೊಂದು ಬಿಟ್ರ, ಮಾಶಾಬಿ ಮುಗಿದ್ಳು ಅಂತ ಮಾತಾಡ್ತಾರ. ಮುಗಿದಾಕಿ ಕೈಲೆ ಬಳಿ ಯಾರು ಇಡಿಸ್ಕೋತಾರ?”

ಅವಳ ಪಾಲು ಕ್ಯಾನಿಗೆ ಬಿತ್ತು. ಸೈಫುದ್ದೀನರು ಕಾಖಂಡಕಿಯನ್ನೂ ತಿಕೋಟಾವನ್ನೂ ಅಕ್ಕಪಕ್ಕ ಇಟ್ಟು ಅಳೆದರು. ತಿಕೋಟಾದಲ್ಲಿ ಪಾಲಿಅಮೀನ್ ಕೂದಲೆಳೆಯಷ್ಟು ಹೆಚ್ಚಿತ್ತು. ಈರಯ್ಯನವರು ಇದನ್ನೂ ಮಾಶಾಬಿಯ ದವಾಖಾನೆಯ ಕಾಗದವನ್ನೂ ನೋಡಿ, ತಿಕೋಟಾ ಎಂಬ ವ್ಯಕ್ತಿಗೆ ಬಗಲಲ್ಲಿ ಗಂಟಿರುವುದು ದೃಢಪಟ್ಟಿದೆ, ಸದರಿ ವ್ಯಕ್ತಿಯು ಸೊಲ್ಲಾಪುರದ ದವಾಖಾನೆಗೆ ಖುದ್ದಾಗಿ ಹಾಜರಾಗತಕ್ಕದ್ದು ಎಂದು ಆದೇಶಿಸಿದರು.

ಖುದ್ದಾಗಿ ಎಂದ ಮೇಲೆ ಇನ್ನೇನು? ಬುತ್ತಿ ಕಟ್ಟಿಕೊಂಡು, ಲಾರಿಗಳಲ್ಲಿ ಹೇರಿಕೊಂಡು ಊರು ಹೊರಟಿತು. ಹೆಣ್ಣುಮಕ್ಕಳಿಗಾಗಿ ಲಾರಿಯಲ್ಲಿ ಹುಲ್ಲು ಹಾಸಿದ್ದರು. ದವಾಖಾನೆಯ ಅಂಗಳದಲ್ಲಿ ಅಲ್ಲಿಯ ಡಾಕ್ಟರು ರೋಗಿ ಯಾರೆಂದು ಕೇಳಿದಾಗ ಎಲ್ಲರೂ ಕೈ ಎತ್ತಿದರು. ಡಾಕ್ಟರು, ಹಾಗಾದರೆ ರೋಗಿಯ ಬಗಲು ಎಲ್ಲಿದೆ ಎಂದು ಕೇಳಿದರು. ಜನ ಸರಿದು ದಾರಿ ಬಿಟ್ಟು ಮಾಶಾಬಿಯನ್ನು ಮುಂದೆ ಮಾಡಿದರು.

ಪರದೆಯ ಒಳಗೆ ಡಾಕ್ಟರು ಬೆರಳಿಟ್ಟು ಒತ್ತಿ ನೋಡಿದರು. ಹೊರಗೆ ಸೈಫುದ್ದೀನರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಮಾಶಾಬಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

“ಅರ್ಧ ಕರಗೈತಂತ,” ಎಂದಳು. “ಸೈಫೂ, ಮಾಲು ತರಿಸೂಣು.”

ಎಲ್ಲರೂ ಅಲ್ಲಿಯೇ ತಮ್ಮ ತಮ್ಮ ಬಗಲು ಮುಟ್ಟಿ ನೋಡಿಕೊಂಡು, ಹೌದು, ಅರ್ಧ ಕರಗಿದೆ ಎಂದರು. ತನಗೆ ಹಾಗೇನೂ ಅನಿಸುತ್ತಿಲ್ಲವೆಂದ ಒಬ್ಬನಿಗೆ ಮತ್ತೊಮ್ಮೆ ಮುಟ್ಟಿಕೊಳ್ಳಲು ಹೇಳಲಾಯಿತು. ಆಮೇಲೆ ಅವನಿಗೂ ಅನಿಸಿತು.

ಸೈಫುದ್ದೀನರು ವರದಿ ಬರೆದರು. ರೋಗಿಯ ಹೆಸರು: ತಿಕೋಟಾ. ವಯಸ್ಸು: ಆದಿಲಶಾಹಿ ಕಾಲದಿಂದ. ಆಹಾರ: ಜೋಳದ ರೊಟ್ಟಿ. ಸ್ಥಿತಿ: ಸುಧಾರಣೆ. ತಲೆ ಎತ್ತದೆ ಸಹಿ ಮಾಡಿದರು. ವರದಿ ಬಹಳ ಸ್ಪಷ್ಟವಾಗಿದೆ ಎಂದು ಮೇಲಿನವರು ಹೊಗಳಿ, ಫ್ರಿಜ್ಜನ್ನು ದುರಸ್ತಿ ಮಾಡಿಸಿಕೊಟ್ಟರು.

ಇಷ್ಟರಲ್ಲಿ ಬಬಲೇಶ್ವರದ ಹಿರಿಯರಿಂದ ತಕರಾರು ಬಂತು. ತಿಕೋಟಾಕ್ಕೆ ಗಂಟು ಮಂಜೂರಾಗಿದೆ, ಅದರ ನೆಪದಲ್ಲಿ ಅವರು ಸೊಲ್ಲಾಪುರ ನೋಡಿ ಬಂದಿದ್ದಾರೆ, ನಮ್ಮೂರನ್ನು ಮಾತ್ರ ಕೈಬಿಡಲಾಗಿದೆ ಎಂದು. ತಕರಾರಿನಲ್ಲಿ ತಿರುಳಿದೆ ಎಂದು ಕಂಡದ್ದರಿಂದ ಈರಯ್ಯನವರು, ತಿಕೋಟಾದ ಗಂಟಿನ ಪೈಕಿ ಕರಗಿಹೋದ ಅರ್ಧವನ್ನು ಬಬಲೇಶ್ವರಕ್ಕೆ ಹಂಚಿಕೆ ಮಾಡಿದರು.

ಗೊತ್ತುಪಡಿಸಿದ ದಿನ ಬಬಲೇಶ್ವರದವರು ಹಲಗೆ ಬಾರಿಸುತ್ತ ತಿಕೋಟಾಕ್ಕೆ ಬಂದರು. ಹೊಸ ಹಸಿರು ಬಳೆಗಳ ರಾಶಿಯ ನಡುವೆ ಕುಳಿತಿದ್ದ ಮಾಶಾಬಿ ಎದ್ದು, ಎರಡೂ ಕೈ ಮುಂದೆ ಮಾಡಿ, ಕರಗಿಹೋದ ಅರ್ಧವನ್ನು ಕೊಟ್ಟಳು. ಅವರು ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿ, ತಂದಿದ್ದ ಕ್ಯಾನಿನಲ್ಲಿ ಜೋಪಾನವಾಗಿ ಇಳಿಸಿ, ಮುಚ್ಚಳ ಹಾಕಿ, ರಸೀದಿ ಕೊಟ್ಟರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದವರು ತಾವಾಗಿಯೇ ಎದ್ದು ಅದಕ್ಕೆ ಸೀಟು ಬಿಟ್ಟುಕೊಟ್ಟರು.