ಐವತ್ತರ ಮೇಲೆ ಮೂಡಿದ ಕೋಡು

ಕಂಪ್ಯೂಟರಿಗೆ ಬುದ್ಧಿ ಹೇಳುವ ಕೆಲಸಕ್ಕೆ ನಾನು ಇಳಿದಾಗ ನನಗೆ ಐವತ್ತೊಂದು ತುಂಬಿತ್ತು. ಅಲ್ಲಿಂದ ಇಲ್ಲಿಯವರೆಗೆ ಯಾರೊಬ್ಬರೂ ನಗೆಪಾಟಲಾಗದೆ ಒಂದು ವಾರ ಕಳೆದದ್ದಿಲ್ಲ. ಮೊದಮೊದಲು ಅದು ನಾನೇ ಆಗಿರುತ್ತಿದ್ದೆ. ಈಗೀಗ ಸರದಿ ಬೇರೆಯವರದು.

ಅಂಕೋಲೆಯಲ್ಲಿ ಇಪ್ಪತ್ತಾರು ವರ್ಷ ಟೈಪಿಂಗ್ ಕ್ಲಾಸ್ ನಡೆಸಿ ಊರಿಗೆಲ್ಲ 'ಅಕ್ಕೋರು', ಅಂದರೆ ಟೀಚರಮ್ಮ, ಆದವಳು ನಾನು. ಕಲಿಯುವವರು ಬರುವುದು ನಿಂತಿತು, ಮಷಿನ್‌ಗಳು ಗುಜರಿಗೆ ಹೋದವು, ನಾನು ಮನೆಗೆ ಬಂದೆ. ಮೂರು ತಿಂಗಳು ಸುಮ್ಮನೆ ಕೂತು, ಆಮೇಲೆ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಎಂದೆ. ನಾದಿನಿ ನನ್ನ ಮುಖ ಬಿಟ್ಟು ತನ್ನ ಅಣ್ಣನ ಮುಖ ನೋಡಿ, "ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿದಳು.

ಪಾಲಕರ ಸಹಿ

ಕಾರವಾರದ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋದೆ. ಟೇಬಲ್ಲಿನ ಹಿಂದೆ ಕೂತಿದ್ದ ಹುಡುಗಿ ಫಾರ್ಮು ಕೊಟ್ಟು, "ಮಗಳನ್ನ ಕರ್ಕೊಂಡು ಬರ್ಲಿಲ್ವಾ?" ಎಂದಳು.

"ಮಗಳು ಬೇರೆ ಊರಲ್ಲಿ ಕೆಲಸ ಮಾಡ್ತಾಳೆ. ಕಲಿಯೂದು ನಾನು."

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಫಾರ್ಮನ್ನು ನೋಡಿದಳು. "ಆದ್ರೂ ಪಾಲಕರ ಸಹಿ ಬೇಕು. ಅದಿಲ್ಲದೆ ಸಿಸ್ಟಮ್ ತಗೊಳ್ಳೂದಿಲ್ಲ."

ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ಎಂದ ಮೇಲೆ ಮುಗಿಯಿತು. ನಮ್ಮ ಮನೆಯವರು ಸಹಿ ಹಾಕಿ, ತಮ್ಮ ಮೊಬೈಲ್ ನಂಬರನ್ನೂ ಬರೆದರು. ಅವರು ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರು. ರಜೆಚೀಟಿ ತಂದ ಅಪ್ಪ-ಅಮ್ಮಂದಿರನ್ನು ನಿಲ್ಲಿಸಿ, "ಜ್ವರ ಅಂತ ಸುಳ್ಳು ಬರೆಯೂಕೆ ನಾಚಿಕೆ ಆಗೂದಿಲ್ವಾ?" ಎಂದು ಬೆವರಿಳಿಸಿದವರು.

ಮುಂದಿನ ತಿಂಗಳು ಹಟ್ಟಿಕೇರಿಯಲ್ಲಿ ನೆಂಟರ ಮದುವೆ. ಊಟಕ್ಕೆ ಅಕ್ಕಪಕ್ಕ ಕೂತಿದ್ದೆವು. ಇವರ ಮೊಬೈಲಿಗೆ ಮೆಸೇಜು ಬಂತು: "ನಿಮ್ಮ ಮಗು ಇಂದು ತರಗತಿಗೆ ಬಂದಿಲ್ಲ. ಕಾರಣ ತಿಳಿಸಿ."

ನಾನು ನಗಾಡಿದೆ. ಇವರು ನಗಲಿಲ್ಲ. ಎಡಗೈಯಲ್ಲಿ ಮೊಬೈಲ್ ಹಿಡಿದು, ಒಂದೊಂದೇ ಅಕ್ಷರ ಹುಡುಕಿ, ಬೆವರುತ್ತ ಬರೆದರು: "ತೀವ್ರ ಜ್ವರ ಇರುವುದರಿಂದ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ."

ಮರುದಿನ ಕ್ಲಾಸಿಗೆ ಕಾಲಿಟ್ಟರೆ, ನಮಗೆ ಕಲಿಸುವ ಇಪ್ಪತ್ತಮೂರರ ಮಿಸ್ ಮೊಬೈಲ್ ಹಿಡಿದು ಕಾಯುತ್ತಿದ್ದಳು. ಮದುವೆ ಹುಡುಗಿ ಅವಳ ಗೆಳತಿಯಂತೆ. ಅವಳು ಕಳಿಸಿದ ಫೋಟೋದಲ್ಲಿ ನನ್ನ ಎಲೆಯ ಮೇಲೆ ಎರಡು ಜಿಲೇಬಿ, ಬಾಯಲ್ಲಿ ಅರ್ಧ.

"ಅಕ್ಕೋರೇ, ಜ್ವರಕ್ಕೆ ಇದನ್ನ ಯಾವ ಡಾಕ್ಟರ್ ಬರೆದುಕೊಟ್ಟದ್ದು? ಮುಂದಿನ ಸಲ ನಂಗೂ ಅವ್ರೇ ಬೇಕು."

ನಿಮಿಷಕ್ಕೆ ಅರವತ್ತು

ಕ್ಲಾಸಿನಲ್ಲಿ ನನಗೆ ಒಂದು ವಿಷಯದಲ್ಲಿ ಸೊಕ್ಕಿತ್ತು. ಉಳಿದ ಮಕ್ಕಳು ಎರಡು ಬೆರಳಲ್ಲಿ ಕುಟ್ಟುವಾಗ ನಾನು ಹತ್ತೂ ಬೆರಳು ಓಡಿಸಿ, ಕೀಬೋರ್ಡ್ ನೋಡದೆ, ನಿಮಿಷಕ್ಕೆ ಅರವತ್ತು ಶಬ್ದ ಹೊಡೆಯುತ್ತಿದ್ದೆ. ಹಳೇ ಮಷಿನ್ನಿನ ಕೈ. ನನ್ನ ಟೇಬಲ್ ಅಲುಗಾಡಿ ಪಕ್ಕದವನ ಚಾ ಚೆಲ್ಲುತ್ತಿತ್ತು.

ಪರೀಕ್ಷೆಗೆ ಒಂದು ಗಂಟೆ. ನಾನು ಹನ್ನೆರಡನೇ ನಿಮಿಷಕ್ಕೇ ಕೈ ಎತ್ತಿದೆ. ಮಿಸ್ ಬಂದು ಪ್ರೋಗ್ರಾಮ್ ಓಡಿಸಿದಳು. ಪರದೆ ತುಂಬ ಕೆಂಪು. ನಲವತ್ತೊಂದು ತಪ್ಪು.

ಅವಳು ಕುರ್ಚಿ ಎಳೆದುಕೊಂಡು ಕೂತು ಹೇಳಿದಳು, "ಅಕ್ಕೋರೇ, ಉಳಿದವ್ರು ಒಂದು ತಪ್ಪು ಮಾಡ್ತ್ರು, ನಾನು ತಿದ್ತೇನೆ. ಇನ್ನೊಂದು ಮಾಡ್ತ್ರು, ಅದನ್ನೂ ತಿದ್ತೇನೆ. ನಿಮ್ಮ ಸ್ಪೀಡಿಗೆ ಇಬ್ಬರು ಮಿಸ್ ಬೇಕು."

ಯಂಗ್ ಟೀಮ್

ಕೋರ್ಸು ಮುಗಿಯಿತು. ಕಾರವಾರದಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸಂದರ್ಶನಕ್ಕೆ ಕರೆಯಿತು. ಕಂಪನಿ ಎಂದರೆ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ, ಐದು ಜನ. ಯಜಮಾನನಿಗೆ ಮೂವತ್ತೊಂದು ವರ್ಷ. ನನ್ನ ಕೋಡ್ ನೋಡಿ ತಲೆಯಾಡಿಸಿದ, ಆಮೇಲೆ ನನ್ನ ಕೂದಲು ನೋಡಿ ತಲೆ ಕೆರೆದುಕೊಂಡ.

"ಮೇಡಂ, ನಮ್ದು ತುಂಬ ಯಂಗ್ ಟೀಮ್. ಎನರ್ಜಿ ಜಾಸ್ತಿ. ನಿಮಗೆ ಹೊಂದಿಕೆ ಆಗ್ತದಾ ಅಂತ ನನಗೆ ಚಿಂತೆ."

"ಎಷ್ಟು ಯಂಗ್ ಅಂತ ನೋಡ್ಬಹುದಾ?" ಎಂದೆ. ಪಾರ್ಟಿಶನ್ನಿನ ಆಚೆ ಕರೆದುಕೊಂಡು ಹೋದ.

ಒಬ್ಬನ ಕುತ್ತಿಗೆಗೆ ಪಟ್ಟಿ. ಒಬ್ಬಳು ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದಳು. ಮೂರನೆಯವನು ಟೇಬಲ್ಲಿನ ಮೇಲೆ ಗ್ಯಾಸಿನ ಗುಳಿಗೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ನಾಲ್ಕನೆಯವನು ನಾವು ಒಳಗೆ ಬಂದದ್ದಕ್ಕೆ ಮರ್ಯಾದೆಗೆಂದು ಎದ್ದು ನಿಲ್ಲಲು ಹೋಗಿ, "ಅಯ್ಯಯ್ಯೋ" ಎಂದು ಸೊಂಟ ಹಿಡಿದು ಹಾಗೇ ಕೂತ. ಈ ಯಜಮಾನನೇ ಮಾಳಿಗೆ ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇನ್ನೂ ಏದುಸಿರು ಬಿಡುತ್ತಿದ್ದ.

ಆರು ತಿಂಗಳು ನೋಡೋಣ, ಆಮೇಲೆ ಖಾಯಂ ಎಂದು ಸೇರಿಸಿಕೊಂಡ. ಮೊದಲ ದಿನ ನಾಲ್ಕೂ ಜನ ಒಬ್ಬೊಬ್ಬರಾಗಿ ನನ್ನ ಟೇಬಲ್ಲಿಗೆ ಬಂದರು. ಕೋಡಿನ ಬಗ್ಗೆ ಏನೋ ಕೇಳುತ್ತಾರೆಂದು ನಾನು ಉಬ್ಬಿದೆ.

"ಮೇಡಂ, ನಿಮ್ಮ ಬ್ಯಾಗಲ್ಲಿ ನೋವಿನ ಮುಲಾಮು ಇರ್ತದಲ್ಲ?"

ತಾಜಾ

ಮೀನು ಮಾರುವ ಹೆಂಗಸರಿಗಾಗಿ ಯಜಮಾನ ಒಂದು ಆ್ಯಪ್ ಮಾಡಿಸಿದ. ದಿನವೂ ಯಾವ ಮೀನು ಬಂತು ಎಂದು ಅವರು ಅದರಲ್ಲಿ ಹಾಕಬೇಕು, ಗಿರಾಕಿಗಳು ಮನೆಯಲ್ಲೇ ಕೂತು ನೋಡಬೇಕು. ಅವರಿಗೆ ಕಲಿಸಲು ನನ್ನನ್ನೇ ಅಂಕೋಲೆಯ ಮೀನುಪೇಟೆಗೆ ಅಟ್ಟಿದ.

ನಾನು ಇಪ್ಪತ್ತು ವರ್ಷದಿಂದ ಮೀನು ತೆಗೆದುಕೊಳ್ಳುವುದು ಒಬ್ಬಳೇ ಹೆಂಗಸಿನ ಹತ್ತಿರ. ಅವಳ ಎದುರೇ ಕುಕ್ಕರಗಾಲಲ್ಲಿ ಕೂತು ತೋರಿಸಿದೆ. "ಇಲ್ಲಿ ಬಂಗಡೆ ಒತ್ತು. ಆಮೇಲೆ ಎರಡು ಬಟನ್ ಬರ್ತದೆ: ತಾಜಾ, ತಾಜಾ ಅಲ್ಲ. ಒಂದನ್ನ ಒತ್ತಲೇಬೇಕು, ಇಲ್ಲಾಂದ್ರೆ ಮುಂದೆ ಹೋಗೂದಿಲ್ಲ."

ಅವಳು ಕತ್ತಿ ಕೆಳಗಿಟ್ಟು ಕೇಳಿದಳು, "ಬಾಯೀ, ಈ ಎರಡನೇ ಬಟನ್ ಮಾಡಿದವ ಯಾವತ್ತಾದ್ರೂ ಮೀನು ಮಾರಿದ್ದಾನಾ?"

"ಇಲ್ಲ."

"ಗೊತ್ತಾಯ್ತು. ನಂದು ಹಳೇ ಮೀನು ಅಂತ ನಾನೇ ಒತ್ತೂದು! ನಂಗೆ ಹುಚ್ಚಾ, ಅವಂಗಾ?"

ಪಕ್ಕದ ಸಾಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಬಂದು ಯಜಮಾನನಿಗೆ ಹೇಳಿದೆ, ಆ ಬಟನ್ ತೆಗೆಯಿರಿ ಎಂದು. "ಡೇಟಾ ಬರ್ಲಿ ಮೇಡಂ, ಡೇಟಾ ನೋಡಿ ನಿರ್ಧಾರ ಮಾಡುವ," ಎಂದ.

ಎರಡು ತಿಂಗಳು ಡೇಟಾ ಬಂತು. ಯಜಮಾನ ಅದನ್ನು ಬಣ್ಣಬಣ್ಣದ ಚಿತ್ರ ಮಾಡಿ, ಹೊರಗಿನಿಂದ ಬಂದ ದೊಡ್ಡವರ ಎದುರು ಎದೆಯುಬ್ಬಿಸಿ ಹೇಳಿದ: "ನಮ್ಮ ಆ್ಯಪ್ ಬಂದ ಮೇಲೆ ಅಂಕೋಲೆಯಲ್ಲಿ ಒಂದೇ ಒಂದು ಹಳೇ ಮೀನು ಇಲ್ಲ!"

ಕಾಲ ಮುಗಿದಿದೆ

ನನ್ನ ಆರು ತಿಂಗಳು ಮುಗಿಯುವ ಹೊತ್ತಿಗೆ ಕೋಡ್ ಬರೆಯುವ ಎಐ ಬಂತು. ಯಜಮಾನ ಮೀಟಿಂಗ್ ಕರೆದ. ಇನ್ನು ಅದೇ ಬರೆಯುತ್ತದೆ, ನಮಗೆ ಇಷ್ಟು ಜನ ಬೇಡ ಎಂದ. ಹೇಳಿದ್ದು ಎಲ್ಲರಿಗೆ, ನೋಡಿದ್ದು ನನ್ನನ್ನು. ಕದ್ರಾದ ಕೆಲಸ ಆದ ಮೇಲೆ ನಿಮ್ಮದು ಮಾತಾಡುವ ಎಂದ. ನನಗೆ ಈ ವಯಸ್ಸಿನಲ್ಲಿ ಇನ್ನೊಮ್ಮೆ ಮನೆಗೆ ಹೋಗಿ ಕೂರುವುದು ಬೇಡವಾಗಿತ್ತು.

ಕದ್ರಾದ ಕೆಲಸ ಎಂದರೆ ಆ ಕಡೆಯ ನಿವೃತ್ತ ನೌಕರರ ಸಂಘವೊಂದಕ್ಕೆ ಆ್ಯಪ್. ಸದಸ್ಯರೆಲ್ಲ ಎಪ್ಪತ್ತರ ಮೇಲಿನವರು. ಆ್ಯಪ್ ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತಿರುಗಿಸಿದ್ದು ಎಐ. ನಾನು ಓದಿ ನೋಡಿ ಯಜಮಾನನ ಹತ್ತಿರ ಓಡಿದೆ.

"ಇದನ್ನ ತಿದ್ದದೆ ಕೊಡಬೇಡಿ. ಓದುವವರು ಮುದುಕರು."

"ಮೇಡಂ, ನಿಮ್ಮ ಕಾಲದವರಿಗೆ ಭಾಷೆಯ ಚಿಂತೆ ಜಾಸ್ತಿ. ಯಾರೂ ಓದೂದಿಲ್ಲ, ಒತ್ತೂದಷ್ಟೇ."

ಸಂಘದ ಸಭೆಗೆ ಯಜಮಾನನ ಜೊತೆ ನಾನೂ ಹೋದೆ. ಐವತ್ತು-ಅರವತ್ತು ಜನ. ಅಧ್ಯಕ್ಷರಿಗೆ ಎಂಬತ್ತೆರಡು. ವೇದಿಕೆಯ ಮೇಲೆ ಅವರ ಕೈಗೆ ಮೊಬೈಲ್ ಕೊಟ್ಟರು. ಅವರು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಳ್ಳುವಷ್ಟರಲ್ಲಿ ಆ್ಯಪಿನ ಸೆಶನ್ನು ಎಕ್ಸ್‌ಪೈರ್ ಆಯಿತು, ಅಂದರೆ ಅದು ಕೊಟ್ಟ ಹೊತ್ತು ಮುಗಿಯಿತು. ರೀಜನರೇಟ್, ಅಂದರೆ ಹೊಸದಾಗಿ ಶುರು, ಮಾಡಿಕೊಳ್ಳಿ ಎನ್ನುವ ಬಟನ್ ಬಂತು. ಅಧ್ಯಕ್ಷರು ಮೈಕಿನಲ್ಲಿ, ಸ್ಪಷ್ಟವಾಗಿ, ಓದಿದರು:

"ನಿಮ್ಮ ಕಾಲ ಮುಗಿದಿದೆ. ಪುನರ್ಜನ್ಮಕ್ಕಾಗಿ ಇಲ್ಲಿ ಒತ್ತಿ."

ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಅಧ್ಯಕ್ಷರೇ, ನೀವು ಹಿರಿಯರು, ಮೊದಲು ನೀವು ಒತ್ತಿ. ಏನಾಗ್ತದೆ ನೋಡಿ ನಾವು ಒತ್ತೂದಾ ಬಿಡೂದಾ ಹೇಳ್ತೇವೆ," ಎಂದರು.

ಅಧ್ಯಕ್ಷರು ಒತ್ತಿಯೇ ಬಿಟ್ಟರು. ಪರದೆಯ ಮೇಲೆ ಚಕ್ರ ತಿರುಗಿತು. ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತು. ಕಾಡೊಳಗಿನ ಕದ್ರಾದಲ್ಲಿ ನೆಟ್‌ವರ್ಕಿನ ಕತೆ ಗೊತ್ತಲ್ಲ. ಕೊನೆಗೆ ಅವರು ಮತ್ತೆ ಓದಿದರು: "ಕ್ಷಮಿಸಿ. ನಿಮ್ಮನ್ನು ಸ್ವೀಕರಿಸಲು ಮೇಲೆ ಯಾರೂ ಇಲ್ಲ."

ಸರ್ವರ್ ಸಿಗುತ್ತಿಲ್ಲ ಎನ್ನುವುದನ್ನು ಎಐ ಹಾಗೆ ಹೇಳಿದೆ ಎಂದು ನಾನು ಎದ್ದು ವಿವರಿಸಿದೆ. ಸಭೆ ನಗೆಯಲ್ಲಿ ಮುಳುಗಿಹೋಯಿತು. ಯಜಮಾನ ನೀರು ಕುಡಿಯಲು ಹೋದವನು ಬರಲೇ ಇಲ್ಲ. ಅಧ್ಯಕ್ಷರು ಮಾತ್ರ ನಗದೆ, ಅವನನ್ನು ಹುಡುಕಿಸಿ ಕರೆಸಿ ಹೇಳಿದರು, "ತಮಾ, ಅದು ಯಾವ ಎಐಯೋ ನಂಗೆ ಗೊತ್ತಿಲ್ಲ. ಇದನ್ನ ಈ ಅಕ್ಕೋರ ಕೈಲಿ ಬರೆಸಿದ್ರೆ ತಗೊಳ್ತೇವೆ. ಇಲ್ಲಾಂದ್ರೆ ನಿಂದು ನೀನೇ ಇಟ್ಕೋ."

ವಾಪಸು ಬರುವಾಗ ಕಾರಿನಲ್ಲೇ ನನ್ನನ್ನು ಖಾಯಂ ಮಾಡಿದ. ಕಿಟಕಿಯ ಹೊರಗೆ ನೋಡುತ್ತ ಮಾಡಿದ.

ನಾನು ಎಲ್ಲ ತಿದ್ದಿದೆ. "ಸ್ವಲ್ಪ ತಡವಾಯಿತು, ಇನ್ನೊಮ್ಮೆ ಒಳಗೆ ಬನ್ನಿ" ಎಂದು ಬರೆದೆ. ಒಂದು ವಾರವಾಗಿರಬೇಕು, ನನಗೆ ಒಂದು ಫೋನು ಬಂತು. ಅಧ್ಯಕ್ಷರ ಹೆಂಡತಿ. ದನಿ ತಗ್ಗಿಸಿ ಮಾತಾಡಿದರು.

"ಅಕ್ಕೋರೇ, ಆ ಪುನರ್ಜನ್ಮದ ಬಟನ್ ತೆಗೆದೇಬಿಟ್ರಾ?"

"ತೆಗೆದೆ ಅಮ್ಮಾ. ತಪ್ಪಾಗಿತ್ತು, ಕ್ಷಮಿಸಿ."

"ತಪ್ಪೆಂತದು? ಒಳ್ಳೇದಿತ್ತು. ಅದನ್ನ ನನ್ನ ಫೋನಿಗೆ ಹಾಕಿ ಕೊಡಿ." ದನಿ ಇನ್ನೂ ತಗ್ಗಿಸಿದರು. "ಇವರ ಫೋನಿಗೆ ಮಾತ್ರ ಬೇಡ. ಅಲ್ಲಿಗೂ ನನ್ನ ಹಿಂದೆಯೇ ಬರ್ತ್ರು."