ಆಫ್ ಆಗದ ಕಾರು, ಮುನಿಸಿಕೊಳ್ಳದ ಅಳಿಯ

ಡೀಸೆಲ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಸಿಲಿಂಡರು, ಪಿಸ್ಟನ್ನು, ವಾಲ್ವು ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬಾಣದ ಗುರುತು ಹಾಕುತ್ತೇನೆ. ನಾನು ಬರೆದ ಎಂಜಿನ್ ಇದುವರೆಗೆ ಒಂದು ಸಲವೂ ಕೆಟ್ಟು ನಿಂತಿಲ್ಲ! ಹೀಗಿರುವಾಗ ಸ್ವಂತ ಕಾರಿನ ರಿಪೇರಿಗೆ ಇನ್ನೊಬ್ಬರ ಗ್ಯಾರೇಜಿಗೆ ಹೋಗುವುದು ನನ್ನ ವಿದ್ಯೆಗೇ ಅವಮಾನ ಎಂದು ನಾನು ನಂಬಿದ್ದೆ. ನನ್ನ ಸಂಬಳವೂ ಹಾಗೆಯೇ ನಂಬಿತ್ತು.

ನಮ್ಮದು ಹಳೆಯ ಡೀಸೆಲ್ ಕಾರು. ನಾನು ಅದರ ಮೂರನೆಯ ಮಾಲೀಕ. ಶಿವಮೊಗ್ಗದ ಹೊಸಮನೆಯಲ್ಲಿ ನಾನು ಅದನ್ನು ಸ್ಟಾರ್ಟ್ ಮಾಡಿದರೆ ಎದುರು ಮನೆಯ ಪದ್ಮಕ್ಕ ಓಡಿ ಬಂದು ಒಣಹಾಕಿದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋಗುತ್ತಾರೆ. ಹೊಗೆ ಅಷ್ಟು. ಆದರೂ ಆ ಕಾರೆಂದರೆ ನನಗೆ ಪ್ರಾಣ. ನಮ್ಮ ವಂಶದಲ್ಲಿ ನಾಲ್ಕು ಚಕ್ರ ಕಂಡ ಮೊದಲಿಗ ನಾನು. ಇದು ಕೈಬಿಟ್ಟರೆ ಈ ಜನ್ಮದಲ್ಲಿ ಇನ್ನೊಂದು ಕಾರು ತೆಗೆದುಕೊಳ್ಳುವ ಶಕ್ತಿ ನನಗಿಲ್ಲ ಎಂಬುದು ನನಗೂ ಗೊತ್ತು, ಕಾರಿಗೂ ಗೊತ್ತು.

ಅದಕ್ಕಿದ್ದದ್ದು ಒಂದೇ ಕಾಯಿಲೆ. ಚೆನ್ನಾಗಿ ಓಡುತ್ತಿರುವಾಗಲೇ, ಯಾವ ಸೂಚನೆಯೂ ಇಲ್ಲದೆ, ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಕಳೆದ ತಿಂಗಳು ಹೊಳಲೂರಿನ ಒಂದು ಮದುವೆಗೆ ಹೊರಟಾಗ ಹಾಗೆಯೇ ಆಯಿತು. ನನ್ನ ಹೆಂಡತಿ ಗಿರಿಜಾ ಹೊಸ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರು ತಳ್ಳಿದಳು. ಅದೇ ಹೊತ್ತಿಗೆ ಅವಳ ಆಫೀಸಿನವರೆಲ್ಲ ಬಸ್ಸಿನಲ್ಲಿ ಪಕ್ಕದಲ್ಲೇ ಹಾದುಹೋದರು. ಕಿಟಕಿಯಿಂದ ಕೈ ಬೀಸಿದರು!

ಅಂದು ಸಂಜೆ ತೀರ್ಪು ಹೊರಬಿತ್ತು.

"ಬರೋ ಭಾನುವಾರ ಭದ್ರಾವತೀಲಿ ನನ್ನ ತಮ್ಮನ ಮನೆ ಗೃಹಪ್ರವೇಶ. ಆರತಿ ತಟ್ಟೆ ಹಿಡ್ಕೊಂಡು ಮೊದಲು ಒಳಗೆ ಹೋಗಬೇಕಾದವಳು ನಾನು. ಅವತ್ತೇನಾದ್ರೂ ನಿಮ್ಮ ಕಾರು ದಾರೀಲಿ ಒಂದು ಸಲ ನಿಂತ್ರೆ, ಸೋಮವಾರ ಬೆಳಿಗ್ಗೆ ಗುಜರಿಯವನನ್ನ ನಾನೇ ಕರೀತೀನಿ."

"ನಿಲ್ಲಲ್ಲ ಮಾರಾಯ್ತಿ! ನಿಲ್ಲೋಕೆ ನಾನು ಬಿಟ್ರೆ ತಾನೆ?" ಎಂದೆ.

ಆ ಮಾತನ್ನು ನಾನು ಅಕ್ಷರಶಃ ನಡೆಸಿಕೊಟ್ಟೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವನೇ ಬಾನೆಟ್ ಎತ್ತಿದೆ. ಒಂದು ಗಂಟೆ ತಪಸ್ಸು ಮಾಡಿದ ಮೇಲೆ ರೋಗದ ಮೂಲ ಸಿಕ್ಕಿತು. ಡೀಸೆಲ್ ಪಂಪಿನ ಮೇಲೆ ಒಂದು ಪುಟ್ಟ ವಾಲ್ವ್ ಇದೆ. ಅದಕ್ಕೆ ಕೀ ತಿರುಗಿಸುವ ಜಾಗದಿಂದ ಒಂದು ವೈರು ಬರುತ್ತದೆ. ವೈರಿನಲ್ಲಿ ಕರೆಂಟ್ ಇದ್ದರೆ ವಾಲ್ವ್ ಡೀಸೆಲ್ ಬಿಡುತ್ತದೆ, ಇಲ್ಲದಿದ್ದರೆ ಎಂಜಿನ್ ನಿಲ್ಲುತ್ತದೆ. ನಮ್ಮ ಕಾರಿನ ವೈರು ಹಳತಾಗಿ, ಗುಂಡಿ ಬಂದಾಗಲೆಲ್ಲ ಅಲ್ಲಾಡಿ ಸಂಪರ್ಕ ಕಳೆದುಕೊಳ್ಳುತ್ತಿತ್ತು. ನಮ್ಮ ರಸ್ತೆಗಳಲ್ಲಿ ಗುಂಡಿಗೇನು ಬರವೇ?

ನಾನು ಕುಣಿದಾಡಿದೆ. ಹಳೆಯ ವೈರನ್ನು ಕಿತ್ತೆಸೆದು, ಹೊಸ ದಪ್ಪ ವೈರೊಂದನ್ನು ತಂದು ಬ್ಯಾಟರಿಯಿಂದ ನೇರವಾಗಿ ಆ ವಾಲ್ವಿಗೇ ಕೊಟ್ಟೆ. ಕೀಯ ಹಂಗೇ ಬೇಡ! ಮತ್ತೆ ಅಲ್ಲಾಡಬಾರದೆಂದು, ನೀರಿನ ಪೈಪು ಒಡೆದರೆ ಮೆತ್ತುವ, ಒಣಗಿದರೆ ಕಲ್ಲಾಗುವ ಆ ಅಂಟನ್ನು ಎರಡು ಪ್ಯಾಕೆಟ್ ಕಲಸಿ ವೈರಿನ ಬುಡಕ್ಕೆ ಗೋಪುರದಂತೆ ಮೆತ್ತಿದೆ. ಇಡೀ ರಾತ್ರಿ ಒಣಗಬೇಕಿದ್ದರಿಂದ ಸ್ಟಾರ್ಟ್ ಮಾಡಿ ನೋಡಲಿಲ್ಲ. ಅಲ್ಲದೆ, ಮಾಡಿದ ಕೆಲಸವನ್ನು ಪರೀಕ್ಷಿಸಿ ನೋಡುವುದು ತನ್ನ ಮೇಲೆ ನಂಬಿಕೆ ಇಲ್ಲದವರ ಲಕ್ಷಣ.

ಭಾನುವಾರ ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಪದ್ಮಕ್ಕ ಬಟ್ಟೆ ಬಾಚಿದರು. ನಾವು ಹೊರಟೆವು. ದಾರಿಯಲ್ಲಿ ನಾನು ಗುಂಡಿಗಳನ್ನು ಹುಡುಕಿ ಹುಡುಕಿ ಕಾರನ್ನು ಇಳಿಸಿದೆ. ಕಾರು ಕೆಮ್ಮಲಿಲ್ಲ, ಕೊಸರಲಿಲ್ಲ.

"ನೋಡಿದ್ಯಾ?" ಎಂದೆ.

"ವಾಪಸ್ ಮನೆ ಸೇರೋವರೆಗೂ ಮಾತಾಡಬೇಡಿ" ಎಂದಳು ಗಿರಿಜಾ. ಆದರೂ ಅವಳ ಮುಖ ಸ್ವಲ್ಪ ಸಡಿಲವಾಗಿತ್ತು.

ಭದ್ರಾವತಿಯಲ್ಲಿ ನನ್ನ ಬಾಮೈದ ರುದ್ರೇಶನ ಹೊಸ ಮನೆಯ ಮುಂದೆ ಶಾಮಿಯಾನ ಹಾಕಿತ್ತು, ಗೇಟಿಗೆ ಎರಡು ಬಾಳೆಕಂಬ ಕಟ್ಟಿತ್ತು. ಎಲ್ಲರೂ ಗಿರಿಜಾಳಿಗೇ ಕಾಯುತ್ತಿದ್ದರು. ಅವಳು ತಟ್ಟೆ ಹಿಡಿದು ಇಳಿದು ಹೋದಳು. ನಾನು ಬಾಳೆಕಂಬದ ಪಕ್ಕದಲ್ಲಿ ಕಾರು ನಿಲ್ಲಿಸಿ ಕೀ ತಿರುಗಿಸಿದೆ.

ಎಂಜಿನ್ ಓಡುತ್ತಲೇ ಇತ್ತು.

ಮತ್ತೆ ತಿರುಗಿಸಿದೆ. ಓಡುತ್ತಲೇ ಇತ್ತು. ಕೀಯನ್ನು ಹೊರಗೆಳೆದು ಕೈಯಲ್ಲಿ ಹಿಡಿದು ನೋಡಿದೆ. ನಿನ್ನೆ ನಾನು ಕೀಯ ಹಂಗನ್ನು ಬಿಡಿಸಿದ್ದೇನೆ, ಹಾಗಾಗಿ ಕೀ ಹೇಳಿದರೂ ಎಂಜಿನ್ ಇನ್ನು ಕೇಳುವುದಿಲ್ಲ ಎಂಬ ಜ್ಞಾನೋದಯ ನನಗಾದದ್ದು ಆಗ. ಇಪ್ಪತ್ತೆರಡು ವರ್ಷದ ಪಾಠದಲ್ಲಿ ಎಂಜಿನ್ ಹೇಗೆ ಓಡುತ್ತದೆ ಎಂದು ಹೇಳಿಕೊಟ್ಟಿದ್ದೆನೇ ಹೊರತು ಹೇಗೆ ನಿಲ್ಲುತ್ತದೆ ಎಂದು ಹೇಳಿಕೊಟ್ಟಿರಲಿಲ್ಲ. ಸಿಲಬಸ್ಸಿನಲ್ಲಿ ಇರಲಿಲ್ಲ!

ಧೈರ್ಯಗೆಡಲಿಲ್ಲ. ಬಾನೆಟ್ ಎತ್ತಿ ವೈರು ಎಳೆದೆ. ಅಂಟು ಭದ್ರಾ ಅಣೆಕಟ್ಟಿನಷ್ಟು ಗಟ್ಟಿಯಾಗಿತ್ತು. ಕತ್ತರಿಸೋಣವೆಂದರೆ ಇಕ್ಕಳ ಶಿವಮೊಗ್ಗದಲ್ಲಿತ್ತು. ಬ್ಯಾಟರಿಯ ಟರ್ಮಿನಲ್ಲನ್ನೇ ಬಿಚ್ಚಿದೆ. ಎಂಜಿನ್ ಓಡುತ್ತಿರುವಾಗ ಅದೇ ಕರೆಂಟ್ ತಯಾರಿಸಿಕೊಳ್ಳುತ್ತದಲ್ಲ, ಅದು ಬ್ಯಾಟರಿಯ ಕಡೆ ತಿರುಗಿಯೂ ನೋಡಲಿಲ್ಲ. ಇದು ಮಾತ್ರ ಸಿಲಬಸ್ಸಿನಲ್ಲಿತ್ತು. ಕೊನೆಗೆ ಬಾನೆಟ್ ಮುಚ್ಚಿ, ಒಳಗೆ ಕುಳಿತು ಗೇರ್ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ, ಎಂಜಿನ್ ಉಸಿರುಗಟ್ಟಿ ನಿಲ್ಲಲಿ ಎಂದು. ಅದು ಉಸಿರುಗಟ್ಟಲಿಲ್ಲ. ಕಾರು ಎಗರಿ ಬಾಳೆಕಂಬಕ್ಕೆ ಗುದ್ದಿತು. ಗೊನೆ ಸಮೇತ ಕಂಬ ಬಾನೆಟ್ಟಿನ ಮೇಲೆ ಮಲಗಿತು. ಹೆದರಿ ಕ್ಲಚ್ ಒತ್ತಿದೆ, ಎಂಜಿನ್ ಮತ್ತೆ ನೆಮ್ಮದಿಯಾಗಿ ಓಡತೊಡಗಿತು.

ಒಳಗೆ ಹಾಲು ಉಕ್ಕುತ್ತಿತ್ತು. ಹೊರಗೆ ಹೊಗೆ ಉಕ್ಕುತ್ತಿತ್ತು. ಅಷ್ಟರಲ್ಲಿ ಗಿರಿಜಾಳ ಸೋದರಮಾವ ಶಿವಪ್ಪನವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಬಂದರು. ಓಡುತ್ತಿರುವ ಕಾರು ನೋಡಿದರು, ಬಿದ್ದ ಬಾಳೆಕಂಬ ನೋಡಿದರು, ಸ್ಟೇರಿಂಗ್ ಹಿಡಿದು ಬೆವರುತ್ತಿದ್ದ ನನ್ನ ಮುಖ ನೋಡಿದರು.

"ಹೊರಟ್ರಾ? ಊಟ ಮಾಡ್ದೆ?" ಎಂದು ಕೇಳಿದವರು ಉತ್ತರಕ್ಕೂ ಕಾಯದೆ ಒಳಗೆ ಧಾವಿಸಿದರು. "ಅಳಿಯಂದ್ರು ಮುನಿಸ್ಕೊಂಡು ಹೊರಟ್ರು! ಬಾಳೆಕಂಬಕ್ಕೇ ಗುದ್ದಿದ್ದಾರೆ!"

ಗೃಹಪ್ರವೇಶದ ಮನೆಯಿಂದ ಅಳಿಯ ಉಪವಾಸ ಎದ್ದು ಹೋದ ಎಂದರೆ ಆ ಮನೆಯವರು ಹತ್ತು ವರ್ಷ ತಲೆ ಎತ್ತಿ ತಿರುಗುವಂತಿಲ್ಲ. ಎರಡೇ ನಿಮಿಷದಲ್ಲಿ ಅರ್ಧ ಶಾಮಿಯಾನ ನನ್ನ ಕಾರಿನ ಸುತ್ತ ನೆರೆಯಿತು. ರುದ್ರೇಶ ಒದ್ದೆ ಪಂಚೆಯಲ್ಲೇ ಓಡಿ ಬಂದ.

"ಭಾವ, ತಪ್ಪಾಯ್ತು ಭಾವ! ಕಾರ್ಡಲ್ಲಿ ನಿಮ್ಮ ಹೆಸರು ಕೊನೇಲಿ ಹಾಕಿದ್ದು ನಾನಲ್ಲ, ಪ್ರೆಸ್ಸಿನವನು ಹಾಗೆ ಮಾಡ್ಬಿಟ್ಟ. ನಾನು ಆಮೇಲೆ ನೋಡಿದ್ದು!"

ನಿಜ ಹೇಳುತ್ತೇನೆ, ನಾನು ಆ ಕಾರ್ಡನ್ನು ತೆರೆದೂ ನೋಡಿರಲಿಲ್ಲ. ಆದರೆ ಆ ಕ್ಷಣದಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ವಿಜ್ಞಾನದ ಮೇಷ್ಟ್ರಿಗೆ ಸ್ವಂತ ಕಾರು ಆಫ್ ಮಾಡಲು ಬರುವುದಿಲ್ಲ ಎಂದು ನೂರು ಜನರ ಮುಂದೆ ಒಪ್ಪಿಕೊಳ್ಳುವುದು ಒಂದು. ಮುನಿಸಿಕೊಳ್ಳುವುದು ಇನ್ನೊಂದು. ನಾನು ಮುಖ ಗಂಟು ಹಾಕಿಕೊಂಡು ಆ ಕಡೆ ತಿರುಗಿದೆ.

"ಕಾರ್ಡ್ ವಿಷಯ ಬಿಡು ರುದ್ರೇಶ" ಎಂದೆ, ಬಿಡದವರ ಧ್ವನಿಯಲ್ಲಿ.

ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಬಂದು ಕಿಟಕಿಯಿಂದಲೇ ನನಗೆ ಶಾಲು ಹೊದಿಸಿದರು. ಶಿವಪ್ಪನವರು ಪೇಟ ತಂದು ತಲೆಗಿಟ್ಟರು.

"ಅಳಿಯಂದ್ರೇ, ದೊಡ್ಡ ಮನಸ್ಸು ಮಾಡಿ. ಕಾರ್ ಆಫ್ ಮಾಡಿ ಒಳಗ್ ಬನ್ನಿ" ಎಂದರು ಅತ್ತೆ.

"ಮಾಡಲ್ಲ!"

"ಯಾಕ್ರೀ?"

"ನನ್ನ ಮನಸ್ಸು ಇನ್ನೂ ತಣ್ಣಗಾಗಿಲ್ಲ."

ಆ ವೃದ್ಧೆಯ ಮುಖ ನೋಡಿ ನನಗೆ ನಾಚಿಕೆಯಾಯಿತು. ಅವರು ನನ್ನನ್ನು ಒಂದು ದಿನವೂ ಕಡೆಗಣಿಸಿದವರಲ್ಲ. ಆದರೂ ಶಾಲು, ಪೇಟ ಧರಿಸಿ ಕುಳಿತೇ ಇದ್ದೆ. ಆಗ ಗುಂಪು ಸರಿಸಿಕೊಂಡು ಗಿರಿಜಾ ಬಂದಳು. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು.

"ರೀ, ಕೀ ನಿಮ್ಮ ಕೈಲಿದೆ."

"ಹೂಂ."

"ಮತ್ತೆ ಎಂಜಿನ್ ಹೇಗೆ ಓಡ್ತಿದೆ?"

ಗುಂಪೆಲ್ಲ ನನ್ನ ಕೈಯ ಕಡೆಗೆ ಬಗ್ಗಿತು. ಎಂಜಿನ್ ಒಂದೇ ಮಾತಾಡುತ್ತಿತ್ತು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಅದು ಆಫ್ ಆಗ್ತಿಲ್ಲ ಮಾರಾಯ್ತಿ" ಎಂದೆ.

ಮೊದಲು ನಕ್ಕವರು ನಮ್ಮ ಅತ್ತೆ. ಅಳಿಯನಿಗೆ ಮುನಿಸಿಲ್ಲ ಎಂಬ ಸಂತೋಷಕ್ಕೋ ಏನೋ, ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕರು. ಆಮೇಲೆ ಇಡೀ ಶಾಮಿಯಾನ ನಕ್ಕಿತು. ರುದ್ರೇಶನಂತೂ ಪಂಚೆ ಬಿಗಿ ಹಿಡಿದುಕೊಂಡು ನಕ್ಕ.

ರುದ್ರೇಶನ ಹೊಸ ನೆರೆಮನೆಯವರು ಸೆಲ್ವಣ್ಣ ಎಂಬ ಹಳೆಯ ಡೀಸೆಲ್ ಮೆಕ್ಯಾನಿಕ್. ಊಟಕ್ಕೆ ಬಂದಿದ್ದ ಅವರನ್ನು ಯಾರೋ ಕರೆತಂದರು. ಅವರು ಬಾಳೆಕಂಬ ಪಕ್ಕಕ್ಕಿಟ್ಟು, ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡಿದವರು ಹಾಗೆಯೇ ನಿಂತುಬಿಟ್ಟರು.

"ಅಯ್ಯೋ ಮುರುಗಾ! ಯಾರ್ ಸಾರ್ ಇದು ಮಾಡಿದ್ದು?"

"ಶಿವಮೊಗ್ಗದಲ್ಲಿ ಯಾವನೋ ಒಬ್ಬ" ಎಂದೆ.

"ಅವನಿಗೆ ತಲೆ ಇದೆಯಾ ಸಾರ್? ನಲವತ್ತು ವರ್ಷದಿಂದ ಗಾಡಿ ನೋಡ್ತಿದ್ದೀನಿ, ಇಂಥ ಕತ್ತೆ ಕೆಲಸ ನೋಡಿಲ್ಲ. ಗಾಡಿ ಗಟ್ಟಿ ಇದೆ ಸಾರ್, ಎಂಜಿನ್ ಚಿನ್ನ! ಆ ಕತ್ತೆ ಕೈಯಿಂದ ಇದು ಹೇಗೆ ಉಳೀತು ಅಂತ ಗೊತ್ತಾಗ್ತಿಲ್ಲ."

"ಏನ್ ಹೇಳೋದು, ಅಂಥವರೂ ಇರ್ತಾರೆ" ಎಂದು ನಾನೂ ತಲೆಯಾಡಿಸಿದೆ.

"ಅವನ ಗ್ಯಾರೇಜ್ ಎಲ್ಲಿದೆ ಹೇಳಿ ಸಾರ್, ನಾನೇ ಹೋಗಿ ನಾಲ್ಕು ಮಾತು ಕೇಳ್ತೀನಿ."

"ಗ್ಯಾರೇಜ್ ಇಲ್ಲ ಸೆಲ್ವಣ್ಣ" ಎಂದಳು ಗಿರಿಜಾ. "ಆದ್ರೆ ಅವನು ನನಗೆ ಚೆನ್ನಾಗಿ ಗೊತ್ತು. ದಿನಾ ನಮ್ಮನೇಲೇ ಊಟ ಮಾಡ್ತಾನೆ."

ಸೆಲ್ವಣ್ಣ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಹಳ ಶ್ರದ್ಧೆಯಿಂದ ಎಂಜಿನ್ನನ್ನೇ ನೋಡತೊಡಗಿದರು. ಉಳಿ, ಸುತ್ತಿಗೆ ತರಿಸಿ ಅಂಟಿನ ಗೋಪುರ ಒಡೆದು ವೈರು ಕಿತ್ತರು. ಎಂಜಿನ್ ನಿಂತಿತು. ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಊಟದ ನಂತರ ಅವರು ಕೀಯಿಂದ ಹೊಸ ವೈರು ಎಳೆದು, ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿಕೊಟ್ಟರು. ಇಡೀ ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ಸಂಜೆ ಶಿವಮೊಗ್ಗಕ್ಕೆ ವಾಪಸ್ ಹೊರಟಾಗ ನಾನು ಗುಂಡಿಗಳನ್ನು ತಪ್ಪಿಸಿ ತಪ್ಪಿಸಿ ಓಡಿಸಿದೆ. ಕಾರು ಎಲ್ಲೂ ನಿಲ್ಲಲಿಲ್ಲ. ಮನೆ ಮುಂದೆ ಕೀ ತಿರುಗಿಸಿದೆ, ಸುಮ್ಮನಾಯಿತು.

"ಗಿರಿಜಾ, ಹೋಗ್ತಾನೂ ನಿಲ್ಲಲಿಲ್ಲ, ಬರ್ತಾನೂ ನಿಲ್ಲಲಿಲ್ಲ. ಈಗ ಕಾರಿನ ಗತಿ?" ಎಂದು ಮೆಲ್ಲಗೆ ಕೇಳಿದೆ.

"ಕಾರು ಇರ್ಲಿ. ಅದರಲ್ಲೇನೂ ತಪ್ಪಿಲ್ಲ" ಎಂದಳು.

ಸೋಮವಾರ ಬೆಳಿಗ್ಗೆ ಗುಜರಿಯವನು ಬಂದೇ ಬಂದ. ನಾನು ಗಾಬರಿಯಿಂದ ಕಾರಿಗೆ ಅಡ್ಡ ನಿಂತೆ. ಅವನು ಕಾರಿನ ಕಡೆ ನೋಡಲೂ ಇಲ್ಲ. ನನ್ನ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಟೆಸ್ಟರು, ಉಳಿದಿದ್ದ ಒಂದು ಪ್ಯಾಕೆಟ್ ಅಂಟು, ಎಲ್ಲವನ್ನೂ ಗಿರಿಜಾ ಒಂದು ಚೀಲದಲ್ಲಿ ತುಂಬಿ ಗೇಟಿನ ಹತ್ತಿರ ಇಟ್ಟಿದ್ದಳು. ಅವನು ಚೀಲ ಎತ್ತಿ ತಕ್ಕಡಿಗೆ ಹಾಕುತ್ತಾ, "ಇಷ್ಟೇನಾ ಅಮ್ಮಾ?" ಎಂದು ಕೇಳಿದ.

ಗಿರಿಜಾ ಒಂದು ಕ್ಷಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸದ್ಯಕ್ಕೆ ಇಷ್ಟೇ" ಎಂದಳು.