ಸೂಜಿಗೆ ಕೈಕಾಲು ಬಂದ ವರ್ಷ

ಪಾಠ ಹೇಳಿ, ಗಂಟೆ ಬಾರಿಸಿ, ಕೊಡೆ ಹಿಡಿದು ಮನೆಗೆ ಹೋಗುವ ಮಾಸ್ತರನಿಗೆ ಯಾವ ತಾಪತ್ರಯವೂ ಇಲ್ಲ. ನನಗೆ ಅಷ್ಟಕ್ಕೆ ಸುಮ್ಮನಿರಲು ಬರುತ್ತಿರಲಿಲ್ಲ. ಹಾಗಾಗಿ ಈಗ ಹೇಳಲಿರುವಂಥ ಫಜೀತಿಗಳು ನನ್ನ ಪಾಲಿಗೆ ಒಂದರ ಬೆನ್ನಿಗೆ ಒಂದು ಆಗುತ್ತಲೇ ಇದ್ದವು.

ಅರವತ್ತರ ದಶಕದ ಆರಂಭದ ಮಾತು. ಬೈಂದೂರಿನ ಹತ್ತಿರದ ಯಡ್ತರೆಯಿಂದ ಒಂದೂವರೆ ಮೈಲಿ ಒಳಗೆ, ಗದ್ದೆ ಬಯಲಿನ ಅಂಚಿಗೆ ಒಂದು ಶಾಲೆ. ಕೋಣೆಯೂ ಒಂದೇ, ಮಾಸ್ತರನೂ ಒಬ್ಬನೇ. ಆ ಒಬ್ಬ ನಾನು.

ತಲೆಕೆಳಗಾದ ರೈಲು

ಆ ವರ್ಷ ತನಿಖೆಗೆ ಬಂದ ಇನ್‌ಸ್ಪೆಕ್ಟರು ಒಂದನೇ ತರಗತಿಯ ಒಬ್ಬನ ಕೈಗೆ ಪಠ್ಯಪುಸ್ತಕ ಕೊಟ್ಟು, "ರೈಲಿನ ಪಾಠ ಓದು" ಎಂದರು. ಅವನು ಎಲ್ಲೂ ತಡವರಿಸದೆ ಗಡಗಡ ಓದಿದ. ನಾನು ಹೆಮ್ಮೆಯಿಂದ ಇನ್‌ಸ್ಪೆಕ್ಟರ ಮುಖ ನೋಡಿದೆ. ಅವರು ಪುಸ್ತಕ ನೋಡುತ್ತಿದ್ದರು. ಹುಡುಗ ಅದನ್ನು ತಲೆಕೆಳಗಾಗಿ ಹಿಡಿದಿದ್ದ.

"ರೈಲಿನ ಗಾಲಿ ಮೇಲೆ ಉಂಟಲ್ಲ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ಅದ್ ಹಾಂಗೇ ಹೋಪುದ್ ಸಾರ್," ಎಂದ ಹುಡುಗ.

ಅವನದು ತಪ್ಪಲ್ಲ. ನಮ್ಮ ಸೀಮೆಯಲ್ಲಿ ರೈಲು ಕಂಡವರು ಯಾರಿದ್ದರು? ನಾನೇ ಕಂಡಿರಲಿಲ್ಲ. ಆದರೆ ಇನ್‌ಸ್ಪೆಕ್ಟರು ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲ ಬಾಯಿಪಾಠ. ಬರುವ ವರ್ಷವೂ ಈ ಚಿಕ್ಕ ಮಕ್ಕಳಿಗೆ ಓದಲು ಬಾರದಿದ್ದರೆ ನಿಮ್ಮನ್ನು ಸುಳ್ಯದ ಕಡೆಗೆ ಕಳಿಸಬೇಕಾಗುತ್ತದೆ" ಎಂದರು. ಸುಳ್ಯವೆಂದರೆ ಜಿಲ್ಲೆಯ ಆ ತುದಿ. ಬಸ್ಸು, ದೋಣಿ, ಮತ್ತೆ ಬಸ್ಸು. ಕಿರಿಮಂಜೇಶ್ವರದ ಮನೆಯಲ್ಲಿ ಕಣ್ಣು ಕಾಣದ ತಾಯಿ, ಆಗಷ್ಟೇ ಬಾಣಂತನ ಮುಗಿಸಿದ ಹೆಂಡತಿ. ಆ ದಿನ ಸೈಕಲ್ ತುಳಿಯುತ್ತ ಮನೆಗೆ ಹೋಗುವಾಗ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಾಣದ ರೈಲು ಬೇಡ, ಮನೆಯಲ್ಲಿ ಕೈಗೆ ಸಿಗುವ ಸಣ್ಣಪುಟ್ಟ ಸಾಮಾನಿನ ಮೇಲೆ ನಾನೇ ಒಂದು ಚಿತ್ರದ ಪುಸ್ತಕ ಮಾಡುತ್ತೇನೆ ಎಂದು ನಿರ್ಧರಿಸಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿ ಹಾಳೆ, ಮಕ್ಕಳ ಬಣ್ಣ, ಹೊಲಿಯಲು ಗೋಣಿದಾರ. ಕತೆ ಇಷ್ಟೇ: ಮನೆಯವರೆಲ್ಲ ಗದ್ದೆಗೆ ಹೋದ ಮೇಲೆ ಸೂಜಿ, ಗುಂಡಿ, ಬೀಗದ ಕೈ, ಬೆಂಕಿಕಡ್ಡಿ, ಚಮಚ ಎಲ್ಲ ಕೆಳಗಿಳಿದು ಬಂದು ತಮ್ಮ ಕಷ್ಟಸುಖ ಮಾತಾಡಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಕಣ್ಣು, ಮೂಗು, ಕೈಕಾಲು. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಎರಡೆರಡು ಸಾಲು.

ಮೊದಲ ಪುಟ ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಚಂದ ಆಯ್ತ್. ಒನಕೆಗೆ ಕಾಲ್ ಬರ್ದದ್ದ್ ಎಂತಕೆ?"

"ಅದು ಒನಕೆಯಲ್ಲ, ಸೂಜಿ."

"ಹೌದಾ?" ಎಂದಳು. ಆಮೇಲೆ ನನಗೆ ಬೇಸರವಾಗಬಾರದೆಂದು, "ಇಷ್ಟ್ ಉಂಡ್ರೆ ಸೂಜಿಯೂ ದಪ್ಪ ಆತ್ತಪ್ಪ" ಎಂದಳು.

ಚಿತ್ರಕ್ಕೆ ಕೂತ ಬೀಗದ ಕೈ

ಸೂಜಿಯ ಅವಸ್ಥೆ ಕಂಡ ಮೇಲೆ ಇನ್ನು ವಸ್ತುವನ್ನು ಎದುರಿಗಿಟ್ಟುಕೊಂಡೇ ಬರೆಯುವುದು ಎಂದುಕೊಂಡೆ. "ನಾಳೆ ಯಾರಾದರೂ ಒಂದು ಬೀಗದ ಕೈ ತನ್ನಿ" ಎಂದು ತರಗತಿಯಲ್ಲಿ ಹೇಳಿದೆ. ಮರುದಿನ ಒಬ್ಬಳು ಅಂಗೈಯಗಲದ ಹಿತ್ತಾಳೆ ಕೈ ತಂದಳು. ಅದನ್ನು ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿಗೆ ಒರಗಿಸಿ ಕೂರಿಸಿ, ಸುತ್ತ ಮಕ್ಕಳು, ನಡುವೆ ನಾನು, ಚಿತ್ರ ಶುರುವಾಯಿತು.

ಅರ್ಧ ಆಗುವಾಗ ಗದ್ದೆಯಂಚಿನಲ್ಲಿ ಆ ಹುಡುಗಿಯ ಅಜ್ಜಯ್ಯ ಬರುವುದು ಕಂಡಿತು. ಊರಿನ ದೊಡ್ಡ ಮನೆಯ ಯಜಮಾನರು. ಅಂಗಿ ತೊಡದೆ, ಮುಂಡಾಸು ಸುತ್ತದೆ ಹೊರಗೆ ಕಾಲಿಟ್ಟವರಲ್ಲ. ಆ ದಿನ ಸೊಂಟಕ್ಕೆ ಮೈ ಒರೆಸುವ ಬೈರಾಸು ಮಾತ್ರ.

"ಮಾಷ್ಟ್ರೆ, ನನ್ ಅಂಗಿ, ಪಂಚೆ, ಶಾಲು ಎಲ್ಲ ಪೆಟ್ಟಿಗೆ ಒಳಗಿತ್ತ್. ಪೆಟ್ಟಿಗೆ ಕೈ ಶಾಲೆಗ್ ಬಂದಿತ್ತಂಬ್ರ್. ಗುಲ್ವಾಡಿಯಂಗೆ ಮದಿ. ದಿಬ್ಬಣ ಹೊರಟ್ ಆಯ್ತ್."

ನಾನು ಕೈ ಜೋಡಿಸಿ, ಬೀಗದ ಕೈ ತೆಗೆದುಕೊಡಲು ಹೋದೆ. ಅಷ್ಟರಲ್ಲಿ ಅವರ ಕಣ್ಣು ಹಾಳೆಯ ಮೇಲೆ ಬಿತ್ತು. ಬಗ್ಗಿ ನೋಡಿದರು. ನಂತರ ನಿಧಾನವಾಗಿ ಮಕ್ಕಳ ಬೆಂಚಿನ ಮೇಲೆ ಕೂತರು.

"ಇದ್ ನಮ್ಮನಿ ಕೈಯಾ? ಮೀಸೆ ಬರೀಲಿಲ್ಯಲೆ?"

"ಬೀಗದ ಕೈಗೆ ಮೀಸೆ ಯಾಕೆ ಅಜ್ಜಯ್ಯ?"

"ನಮ್ಮ ಅಜ್ಜನ ಕಾಲದ್ ಅದ್. ಮೀಸೆ ಇಲ್ದೆ ಆತ್ತಾ?"

ಮೀಸೆ ಬರೆದೆ. ಸಣ್ಣದಾಯಿತು ಎಂದರು. ದೊಡ್ಡದು ಮಾಡಿದೆ. ಎಡಗಡೆ ಇನ್ನೂ ಸ್ವಲ್ಪ ಮೇಲೆ ಹೋಗಬೇಕು ಎಂದರು. ಮದುವೆಗೆ ಅವರು ತಲುಪುವಾಗ ಎರಡನೇ ಪಂಕ್ತಿ ಎದ್ದಾಗಿತ್ತಂತೆ. ತಡ ಯಾಕಾಯಿತೆಂದು ಬೀಗರು ಕೇಳಿದ್ದಕ್ಕೆ, "ನಮ್ಮ ಬೀಗದ ಕೈದ್ ಚಿತ್ರ ತೆಗ್ಸುದಿತ್ತ್" ಎಂದರಂತೆ.

ಇಬ್ಬರು ಹೋಗಿ ಒಬ್ಬರಾದದ್ದು

ಗುಂಡಿಯ ಪುಟದಲ್ಲಿ ನಾನು ಹೀಗೆ ಬರೆದಿದ್ದೆ: "ಇಡೀ ದಿನ ಅಂಗಿಯನ್ನು ಹಿಡಿದು ಹಿಡಿದು ನನ್ನ ಕುತ್ತಿಗೆ ನೋಯುತ್ತದೆ." ಆ ಪುಟ ಓದಿಸಿದ ಮರುದಿನ ಶಾಲೆಗೆ ಬಂದ ಮಕ್ಕಳಲ್ಲಿ ಒಬ್ಬನೂ ಗುಂಡಿ ಹಾಕಿರಲಿಲ್ಲ. ಎಲ್ಲರೂ ಎರಡೂ ಕೈಯಲ್ಲಿ ಅಂಗಿ ಹಿಡಿದುಕೊಂಡು ನಿಂತಿದ್ದರು. ಗುಂಡಿಗೆ ರಜೆಯಂತೆ. ಸ್ಲೇಟು ಹಿಡಿಯಲು ಯಾರಿಗೂ ಕೈ ಇರಲಿಲ್ಲ.

"ಹಾಗಲ್ಲ ಮಕ್ಕಳೇ, ಕೆಲಸವಿಲ್ಲದಿದ್ದರೆ ಗುಂಡಿಗೆ ಬೇಜಾರಾಗುತ್ತದೆ, ಒಂಟಿ ಎನಿಸುತ್ತದೆ" ಎಂದು ಸಮಾಧಾನ ಹೇಳಿ ಹಾಕಿಸಿದೆ. ಒಂಟಿ ಎಂಬ ಮಾತು ಹೇಳಬಾರದಿತ್ತು. ಸಂಜೆ ಅಣ್ಣ ತಮ್ಮ ಇಬ್ಬರು ತಮ್ಮ ಗುಂಡಿಗಳಿಗೆ ಜೊತೆಯಾಗಲೆಂದು ಅಣ್ಣನ ಗುಂಡಿಯನ್ನು ತಮ್ಮನ ಅಂಗಿಗೂ, ತಮ್ಮನ ಗುಂಡಿಯನ್ನು ಅಣ್ಣನ ಅಂಗಿಗೂ ಹಾಕಿಕೊಂಡು ಹೊರಟರು. ಗದ್ದೆಯಂಚು ಒಬ್ಬರು ನಡೆಯುವಷ್ಟೇ ಅಗಲ. ಇಬ್ಬರೂ ಒಟ್ಟಿಗೇ ಕೆಸರಿಗೆ ಬಿದ್ದರು. ಎದ್ದರೂ ಒಟ್ಟಿಗೇ ಏಳಬೇಕು, ಅದು ಆಗಲಿಲ್ಲ. ನಾಟಿಯ ಹೆಂಗಸರು ಬಂದು ಎತ್ತಿ ನಿಲ್ಲಿಸಿದರು.

ಮರುದಿನ ಅವರ ತಾಯಿ ಶಾಲೆಯ ಜಗಲಿಗೆ ಬಂದರು. ಸಿಟ್ಟು ಮಾಡಲಿಲ್ಲ. ಸುಮ್ಮನೆ ಕೇಳಿದರು: "ಮಾಷ್ಟ್ರೆ, ನಾನ್ ಎರಡ್ ಮಕ್ಳನ್ನ ಕಳ್ಸಿದ್ದೆ. ನೀವ್ ಒಂದ್ ಮಾಡಿ ಕಳ್ಸಿರಿ. ಈ ಲೆಕ್ಕಕ್ಕೆ ಎಂತ ಹೇಳ್ತ್ರಿ?"

ಬೆಂಕಿಕಡ್ಡಿಯ ಜೀವ

ಎರಡನೇ ತರಗತಿಯ ಒಬ್ಬ ಹುಡುಗಿಗೆ ಬೆಂಕಿಕಡ್ಡಿ ಎಂದರೆ ಪ್ರಾಣವಾಯಿತು. ನನ್ನ ಚಿತ್ರದಲ್ಲಿ ಅದಕ್ಕೆ ಕೆಂಪು ತಲೆ, ಕಡ್ಡಿಯಂಥ ಮೈ, ನಗುಮುಖ. ಅಂಥದನ್ನು ಗೀರಿ ಸುಡುವುದೆಂದರೇನು? ಅವಳು ಮನೆಯ ಬೆಂಕಿಪೆಟ್ಟಿಗೆಯನ್ನು ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟಳು. ಅವಳ ಅಮ್ಮಮ್ಮ ಮೂರು ದಿನ ನೆರೆಮನೆಯಿಂದ ತೆಂಗಿನ ಗೆರಟೆಯಲ್ಲಿ ಕೆಂಡ ತಂದು ಒಲೆ ಹೊತ್ತಿಸಿದರು. ನಾಲ್ಕನೆಯ ದಿನ ಗೆರಟೆ ಸಮೇತ ಶಾಲೆಗೇ ಬಂದರು.

"ಹ್ವಾಯ್ ಮಾಷ್ಟ್ರೆ, ನಮ್ಮನಿ ಒಲಿ ಹೊತ್ಸುಕೆ ನಿಮ್ ಅಪ್ಪಣೆ ಬೇಕಂಬ್ರ್. ಹೌದಾ?"

ನಾನು ಹುಡುಗಿಯನ್ನು ಕರೆದು, ಒಲೆ ಹೊತ್ತಿಸುವುದೇ ಬೆಂಕಿಕಡ್ಡಿಯ ಕೆಲಸ, ಅದಕ್ಕೆ ಅದರಲ್ಲೇ ಖುಷಿ ಎಂದು ಹೇಳಿದೆ. ಅವಳು ಒಪ್ಪಲಿಲ್ಲ. "ಹಂಗಂತ ಅದ್ ಹೇಳ್ಲಿಲ್ಲೆ. ನೀವ್ ಹೇಳ್ತಾ ಇದ್ರಿ" ಎಂದಳು. ಬೇರೆ ದಾರಿ ಕಾಣದೆ, ಇಬ್ಬರನ್ನೂ ಕೂರಿಸಿ, ಅಲ್ಲೇ ಹೊಸ ಪುಟ ಬರೆದೆ. ಕಡ್ಡಿಯ ಬಾಯಿಯಿಂದ ಮಾತು: "ನನಗೆ ಹೆದರಿಕೆ ಇಲ್ಲ. ಅಮ್ಮಮ್ಮನ ಗಂಜಿ ಬೇಯಲಿ. ನನ್ನನ್ನು ಗೀರಿ."

ಹುಡುಗಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಯಾರೂ ಹೇಳಿಕೊಡದೆ ಹೊಸ ಸಾಲೊಂದನ್ನು ಅವಳು ಓದಿದ್ದು ಅದೇ ಮೊದಲು. ಓದು ಬಾರದ ಅಮ್ಮಮ್ಮ ಬಾಯಿ ತೆರೆದು ಕೇಳಿಸಿಕೊಂಡರು. "ನನ್ ಹೆಸ್ರೂ ಅದ್ಕೆ ಗೊತ್ತಿತ್ತಾ?" ಎಂದರು.

ಬೆಂಕಿಪೆಟ್ಟಿಗೆ ಹೊರಗೆ ಬಂತು. ಆದರೆ ಆಮೇಲೆ ಅಮ್ಮಮ್ಮನಿಗೇ ಕಡ್ಡಿ ಗೀರಲು ಕೈ ಬರಲಿಲ್ಲವಂತೆ. ಪ್ರತಿ ಸಲವೂ, "ಒಂದ್ ಗಳಿಗೆ ಬೆಚ್ಚಗಾತ್ತ್ ಕಾಣ್ ಮಗಾ" ಎಂದು ಹೇಳಿಯೇ ಗೀರುತ್ತಿದ್ದರಂತೆ.

ಕದಿರು ಕಟ್ಟಿಸಿಕೊಂಡ ಇನ್‌ಸ್ಪೆಕ್ಟರು

ನಮ್ಮ ಕಡೆ ಹೊಸ್ತು ಎಂದರೆ ಹೊಸ ಅಕ್ಕಿ ಉಣ್ಣುವ ಹಬ್ಬ. ಆ ದಿನ ಗದ್ದೆಯಿಂದ ಭತ್ತದ ಕದಿರು ತಂದು, ಮಾವು ಹಲಸಿನ ಎಲೆಯಲ್ಲಿ ಸುತ್ತಿ, ನಾರಿನಿಂದ ಮನೆಯಲ್ಲಿ ದುಡಿಯುವುದಕ್ಕೆಲ್ಲ ಕಟ್ಟುತ್ತಾರೆ: ನೇಗಿಲು, ಒನಕೆ, ಬಾವಿಯ ರಾಟೆ, ಕಂಬ, ಮುಡಿ. ಒಮ್ಮೆ ಕಟ್ಟಿದ್ದನ್ನು ಬಿಚ್ಚುವ ಹಾಗಿಲ್ಲ. ಅದು ಮುಂದಿನ ಹೊಸ್ತಿನವರೆಗೆ ಅಲ್ಲೇ ಇರಬೇಕು.

ಮರುವರ್ಷದ ಹೊಸ್ತಿಗೆ ಮಕ್ಕಳು ಮನೆಯಲ್ಲಿ ಸೂಜಿಗೂ ಚಮಚಕ್ಕೂ ಕಟ್ಟಿಸಿ, ಉಳಿದ ಕದಿರನ್ನು ಮರುದಿನ ಶಾಲೆಗೆ ತಂದರು. ಸೀಮೆಸುಣ್ಣದ ಡಬ್ಬಿ, ಗಂಟೆ, ಸ್ಲೇಟು, ನೀರಿನ ಚೊಂಬು, ಎಲ್ಲದಕ್ಕೂ ಒಂದೊಂದು ಕಂತೆ. ನನ್ನ ಬೆತ್ತಕ್ಕೆ ಮಾತ್ರ ಕಟ್ಟಿರಲಿಲ್ಲ. ಯಾಕೆಂದು ಕೇಳಿದೆ. "ಅದ್ ನಮ್ಗೆ ಎಂತ ಉಪ್ಕಾರ ಮಾಡಿತ್?" ಎಂದಳು ಬೆಂಕಿಕಡ್ಡಿಯ ಹುಡುಗಿ.

ಅದೇ ಹೊತ್ತಿಗೆ ಇನ್‌ಸ್ಪೆಕ್ಟರು ಆ ವರ್ಷದ ತನಿಖೆಗೆ ಬಂದರು. ಬಿಸಿಲಲ್ಲಿ ಸೈಕಲ್ ತುಳಿದು ಬೆವರಿದ್ದರು. ಕೊಡೆ, ಕನ್ನಡಕ, ವರದಿಯ ಪುಸ್ತಕ ಮೇಜಿನ ಮೇಲಿಟ್ಟು ಮುಖ ತೊಳೆಯಲು ಬಾವಿಗೆ ಹೋದರು. ನಾನು ನೀರು ಸೇದಿಕೊಟ್ಟು, ಎಳನೀರಿನ ಬೊಂಡ ಕೆತ್ತಿಸಿ ಕುಡಿಸಿ, ಕರೆದುಕೊಂಡು ಬಂದೆ. ಒಳಗೆ ಕಾಲಿಟ್ಟವನೇ ಮೇಜಿನ ಕಡೆ ನೋಡಿದೆ. ಕೊಡೆಗೆ ಕದಿರು. ಕನ್ನಡಕದ ಮೂಗಿನ ಮೇಲೆ ಸರಿಯಾಗಿ ನಾಲ್ಕು ಸುತ್ತು ನಾರು, ಎರಡೂ ಗಾಜನ್ನು ಮುಚ್ಚುವ ಹಲಸಿನೆಲೆ, ನಡುವೆ ಮೂರು ತೆನೆ.

"ಯಾರದ್ದು ಈ ಕೆಲಸ?"

"ಅದ್ ದಿನಾ ನಿಮ್ಗೆ ಕಣ್ ಕಾಣ್ಸುತ್ತಲೆ ಸಾರ್? ಅದ್ಕೆ ಕಟ್ಟಿದ್" ಎಂದಳು ಅದೇ ಹುಡುಗಿ.

ಇನ್‌ಸ್ಪೆಕ್ಟರ ಕೈ ನಾರಿನವರೆಗೆ ಹೋಗಿ ನಿಂತಿತು. ಅವರೂ ಹೊಸ್ತು ಮಾಡುವ ಬ್ರಹ್ಮಾವರದ ಕಡೆಯವರೇ. ಕಟ್ಟಿದ ಕದಿರು ಕಿತ್ತರೆ ಅವರ ತಾಯಿ ಮನೆಯೊಳಗೆ ಸೇರಿಸುತ್ತಿರಲಿಲ್ಲ. ನಿಟ್ಟುಸಿರು ಬಿಟ್ಟು ಕನ್ನಡಕವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ಪಕ್ಕಕ್ಕಿಟ್ಟರು. ತನಿಖೆ ಬರಿಗಣ್ಣಿನಲ್ಲಿ ನಡೆಯಿತು.

ನಾನು ನನ್ನ ಚಿತ್ರದ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಚಮಚದ ಪುಟ ಸೊಗಸಾಗಿ ಓದಿದಳು. ಇನ್‌ಸ್ಪೆಕ್ಟರು ತಲೆ ಅಲ್ಲಾಡಿಸಿದರು.

"ಇದೂ ಬಾಯಿಪಾಠ. ಹಿಂದೆಂದೂ ಕಾಣದ್ದನ್ನು ಓದಲಿ, ಒಪ್ಪುತ್ತೇನೆ."

ಸುತ್ತ ನೋಡಿದರು. ಶಾಲೆಯಲ್ಲಿ ಮಕ್ಕಳು ಕಾಣದ ಪುಸ್ತಕ ಎಲ್ಲಿಂದ ಬರಬೇಕು? ಕೈಗೆ ಸಿಕ್ಕಿದ್ದು ಅವರದೇ ವರದಿಯ ಪುಸ್ತಕ. ಕಣ್ಣು ಕಿರಿದು ಮಾಡಿ ಯಾವುದೋ ಪುಟ ತೆರೆದು ಅವಳ ಮುಂದೆ ಹಿಡಿದರು. "ಇಲ್ಲಿಂದ ಓದು."

ಹುಡುಗಿ ಬೆರಳಿಟ್ಟಳು. ಗಟ್ಟಿಯಾಗಿ, ಇಡೀ ಶಾಲೆಗೆ ಕೇಳುವಂತೆ ಓದಿದಳು:

"ಈ ಶಾಲೆಯ ಚಿಕ್ಕ ಮಕ್ಕಳಿಗೆ ಓದಲು ಬರುವುದಿಲ್ಲ."

ಸಮಯ ಉಳಿಯಲೆಂದು ಇನ್‌ಸ್ಪೆಕ್ಟರು ವರದಿಯನ್ನು ಹಿಂದಿನ ದಿನವೇ ಬೈಂದೂರಿನಲ್ಲಿ ಕೂತು ಬರೆದಿಟ್ಟುಕೊಂಡಿದ್ದರು. ಹುಡುಗಿ ನಿಲ್ಲಿಸಲಿಲ್ಲ.

"ಮಾಸ್ತರರನ್ನು ಸುಳ್ಯದ ಕಡೆಗೆ ವರ್ಗಾಯಿಸಬಹುದು."

ಒಂದೂ ಅಕ್ಷರ ತಪ್ಪಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಮಾಡಿನ ಹೆಂಚು ಎಣಿಸುತ್ತ ನಿಂತೆ. ಇನ್‌ಸ್ಪೆಕ್ಟರು ಪುಸ್ತಕವನ್ನು ಮೂಗಿನ ಹತ್ತಿರ ತಂದು ನೋಡಿ, ಕೆಂಪಾಗಿ, ಕೊನೆಗೆ ನನ್ನ ಕಡೆ ತಿರುಗಿ ಊರ ಮಾತಿನಲ್ಲೇ, "ಇದ್ ಓದಿದ್ಮೇಲೆ ಇದ್ ಸುಳ್ಳಾಯ್ತಲೆ ಮಾಷ್ಟ್ರೆ" ಎಂದರು. ಪೆನ್ನು ತೆಗೆದು ಆ ಎರಡು ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದರು.

ಹುಡುಗಿ ಹೋ ಎಂದು ಅಳತೊಡಗಿದಳು. ಸ್ಲೇಟಿನಲ್ಲಿ ತಪ್ಪು ಬರೆದರೆ ನಾನು ಹಾಗೇ ಗೀಟು ಎಳೆಯುತ್ತಿದ್ದೆ.

"ನಾನ್ ಸಮಾ ಓದಿದ್ದೆ. ತಪ್ ಹಾಕಿರ್."

ಇನ್‌ಸ್ಪೆಕ್ಟರು ಗಾಬರಿಯಾದರು. ಬೆಲ್ಲ ಕೊಡುತ್ತೇನೆಂದರು, ಅವಳು ಅಳು ನಿಲ್ಲಿಸಲಿಲ್ಲ. ಕೊನೆಗೆ ಗೀಟಿನ ಪಕ್ಕದಲ್ಲಿ ಅವಳಿಗೆ ಕಾಣುವಂತೆ ದೊಡ್ಡದಾಗಿ "ಸರಿ" ಎಂದು ಬರೆದು ಸಹಿ ಹಾಕಿದರು. ಆಗ ಅವಳು ಮೂಗು ಒರೆಸಿಕೊಂಡಳು.

ಆ ಪುಟ ಹಾಗೆಯೇ ಕಚೇರಿಗೆ ಹೋಯಿತು. ಕೆಲವು ತಿಂಗಳ ಮೇಲೆ ಅಲ್ಲಿಂದ ಒಂದು ಕಾಗದ ಬಂತು: ಸದರಿ ಮಾಸ್ತರರ ವರ್ಗಾವಣೆಯ ಬಗ್ಗೆ ಹೊಡೆದು ಹಾಕಿದ್ದು ಸರಿಯೋ, ಹೊಡೆದು ಹಾಕಿದ ಮಾತು ಸರಿಯೋ, ತಿಳಿಸತಕ್ಕದ್ದು. ಇನ್‌ಸ್ಪೆಕ್ಟರು ಅದರ ಕೆಳಗೆ "ಎರಡೂ ಸರಿ" ಎಂದು ಬರೆದು ವಾಪಸು ಕಳಿಸಿದರು. ಕಚೇರಿಯವರು ಅದರ ಅರ್ಥ ಮಾಡಿಕೊಳ್ಳಲು ಒಂಬತ್ತು ವರ್ಷ ತೆಗೆದುಕೊಂಡರು, ಅಲ್ಲಿಯವರೆಗೆ ನಾನು ಅದೇ ಶಾಲೆಯಲ್ಲಿದ್ದೆ.